ಸ್ಟೂಡೆಂಟ್ ಎಡಿಷನ್‌ನಲ್ಲಿ ದುಡಿಮೆ ಮಾಡಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಬಗ್ಗೆ ಇವೆ. ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಅಂತ ಪುಕ್ಕಟೆಯಾಗಿಯೋ ಕಡಿಮೆ ಬೆಲೆಗೋ ಸಿಗುವ ಸಾಫ್ಟ್‌ವೇರ್‌ಗಳ ನಿಯಮ ಏನು ಅನ್ನೋದು. ಕಾಲೇಜು ಶುರುವಾಗಿದೆ, ಮನೆಮನೆಗೆ ಹೊಸ ಲ್ಯಾಪ್‌ಟಾಪ್ ಬಂದಿದೆ, ಅದಕ್ಕೇ ಇರಬೇಕು. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮಗಳು ಬಿ.ಎಸ್‌ಸಿಗೆ ಸೇರಿದಳು ಅಂತ ಲ್ಯಾಪ್‌ಟಾಪ್ ಕೊಡಿಸಿದೆ. ಜೊತೆಗೆ ಆಫೀಸ್ ಹೋಮ್ ಆಂಡ್ ಸ್ಟೂಡೆಂಟ್ 2021 ಬಂತು, ಲೈಫ್‌ಟೈಮ್ ಅಂತ ಅಂಗಡಿಯವರು ಹೇಳಿದರು. ನಾನು ಟ್ಯಾಕ್ಸ್ ಪ್ರಾಕ್ಟೀಷನರ್. ಸಂಜೆ ಹೊತ್ತು ಅದೇ ಲ್ಯಾಪ್‌ಟಾಪ್‌ನಲ್ಲಿ ಗಿರಾಕಿಗಳ ಎಕ್ಸೆಲ್ ಕೆಲಸ ಮಾಡುತ್ತೇನೆ. ಮಗಳು "ಅಪ್ಪಾ, ಇದು ಸ್ಟೂಡೆಂಟ್‌ದು, ನೀವು ಬಳಸಬಾರದು" ಅನ್ನುತ್ತಾಳೆ. ನಿಜವಾ? — ದಾವಣಗೆರೆ

ಉತ್ತರ: ಮಗಳು ಹೇಳಿದ್ದರಲ್ಲಿ ಅರ್ಧ ಸರಿ. ನೀವು ಬಳಸಬಹುದು. ಆದರೆ ಗಿರಾಕಿಗಳ ಕೆಲಸಕ್ಕೆ ಬಳಸುವ ಹಾಗಿಲ್ಲ.

ಇದರ ಹಿಂದೆ ಸ್ವಲ್ಪ ಕಥೆ ಇದೆ. 2003ರ ಆಫೀಸ್‌ನಲ್ಲಿ ಮೈಕ್ರೋಸಾಫ್ಟ್ 'ಸ್ಟೂಡೆಂಟ್ ಆಂಡ್ ಟೀಚರ್ ಎಡಿಷನ್' ಅಂತಲೇ ಮಾರುತ್ತಿತ್ತು. ಆಗ ಮನೆಯಲ್ಲಿ ಒಬ್ಬ ವಿದ್ಯಾರ್ಥಿಯೋ ಶಿಕ್ಷಕರೋ ಇರಲೇಬೇಕು ಅನ್ನೋ ಷರತ್ತಿತ್ತು, ಮೂರು ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದಿತ್ತು. 2007ರಲ್ಲಿ ಹೆಸರು 'ಹೋಮ್ ಆಂಡ್ ಸ್ಟೂಡೆಂಟ್' ಆಯಿತು, ಆ ಷರತ್ತು ಹೋಯಿತು. ಅಂದರೆ ಓದುವ ಮಕ್ಕಳು ಇಲ್ಲದ ಮನೆಯವರೂ ತಗೋಬಹುದು. 2013ರ ಹೊತ್ತಿಗೆ ಮೂರು ಕಂಪ್ಯೂಟರ್ ಅನ್ನೋದು ಒಂದಕ್ಕೆ ಇಳಿಯಿತು. 2024ರಲ್ಲಿ 'ಸ್ಟೂಡೆಂಟ್' ಅನ್ನೋ ಪದವನ್ನೂ ಕೈಬಿಟ್ಟು ಬರೀ 'ಹೋಮ್' ಅಂತ ಕರೆದರು. ಹೆಸರಿನಲ್ಲಿ ಸ್ಟೂಡೆಂಟ್ ಇದ್ದ ಮಾತ್ರಕ್ಕೆ ಅದು ವಿದ್ಯಾರ್ಥಿಗೆ ಮಾತ್ರ ಅಂತ ಅಲ್ಲ. ಅದು ಮನೆಗೆ ಅಂತ ಕೊಟ್ಟಿದ್ದು.

ಆದರೆ ಒಂದು ಷರತ್ತು ಮಾತ್ರ ಉಳಿದುಕೊಂಡೇ ಬಂದಿದೆ. ಹೋಮ್ ಆಂಡ್ ಸ್ಟೂಡೆಂಟ್ ಪರವಾನಗಿಯಲ್ಲಿ ವ್ಯಾಪಾರದ ಕೆಲಸಕ್ಕೆ, ಆದಾಯ ತರುವ ಕೆಲಸಕ್ಕೆ ಬಳಸಬಾರದು ಅಂತ ಬರೆದಿದೆ. ಲಾಭ ನೋಡದ ಸಂಸ್ಥೆಗಳ ಕೆಲಸವನ್ನೂ ಅದೇ ಸಾಲಿನಲ್ಲಿ ಸೇರಿಸಿದ್ದಾರೆ. ಇದನ್ನು ಜನ ಗಮನಿಸೋದೇ ಇಲ್ಲ. ನಿಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿಯ ಲೆಕ್ಕವನ್ನು ನೀವು ಪುಕ್ಕಟೆ ಬರೆದುಕೊಟ್ಟರೂ ಅದು ಒಂದು ಸಂಘದ ಕೆಲಸ, ಮನೆಯದಲ್ಲ. ಮನೆ ಖರ್ಚಿನ ಲೆಕ್ಕ, ಮಗಳ ಪ್ರಾಜೆಕ್ಟ್, ಮದುವೆಗೆ ಕರೆಯಬೇಕಾದವರ ಪಟ್ಟಿ, ಅವಳ ಬಯೋಡೇಟಾ, ಇವೆಲ್ಲ ಧಾರಾಳವಾಗಿ ಮಾಡಿ.

ನಿಮ್ಮ ವೃತ್ತಿಗೆ 'ಹೋಮ್ ಆಂಡ್ ಬಿಸಿನೆಸ್' ಅಂತಲೇ ಬೇರೆ ಇದೆ, ಅದನ್ನು ತಗೊಳ್ಳಿ. ದುಡ್ಡು ಕೊಡೋದು ಬೇಡ ಅಂದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಅದು ಮುಕ್ತ ತಂತ್ರಾಂಶ, ದುಡಿಮೆಗೂ ಬಳಸಬಹುದು, ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದು, ಕನ್ನಡದ ಮೆನು ಕೂಡ ಇದೆ. ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಜಾಸ್ತಿ ಇರುವ ಎಕ್ಸೆಲ್ ಫೈಲುಗಳು ಅದರಲ್ಲಿ ಒಮ್ಮೊಮ್ಮೆ ತಕರಾರು ಮಾಡುತ್ತವೆ, ಅದೊಂದನ್ನು ಮೊದಲೇ ಪರೀಕ್ಷೆ ಮಾಡಿಕೊಳ್ಳಿ. ಇನ್ನೊಂದು ಮಾತು. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮೊದಲ ಸಲ ಯಾರ ಖಾತೆಯಲ್ಲಿ ಆಕ್ಟಿವೇಟ್ ಆಯಿತೋ ಅವರ ಖಾತೆಗೇ ಅಂಟಿಕೊಳ್ಳುತ್ತದೆ. ಅಂಗಡಿಯವರ ಇಮೇಲ್‌ನಲ್ಲಿ ಮಾಡಿಸಿಕೊಂಡು ಬಂದು ಆಮೇಲೆ ಒದ್ದಾಡುವವರು ತುಂಬಾ ಜನ ಇದ್ದಾರೆ.

ಪ್ರಶ್ನೆ: ಬಿ.ಕಾಂ. ಎರಡನೇ ವರ್ಷ. ಸಂಜೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಲ್ಲಿ ಟ್ಯಾಲಿ ಎಜುಕೇಷನಲ್ ಮೋಡ್‌ನಲ್ಲಿದೆ. ಮಾಲೀಕರು "ಎಲ್ಲಾ ಬಿಲ್ 1ನೇ ತಾರೀಕು, 2ನೇ ತಾರೀಕಿಗೆ ಹಾಕು, ಒಟ್ಟು ಮೊತ್ತ ಸರಿ ಬಂದರೆ ಸಾಕು" ಅಂತಾರೆ. ನನಗೆ ಯಾಕೋ ಸರಿ ಅನ್ನಿಸುತ್ತಿಲ್ಲ. — ಹುಬ್ಬಳ್ಳಿ

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮಾಡುವುದು ನಮ್ಮ ಬೆಂಗಳೂರಿನದೇ ಕಂಪನಿ, 1986ರಿಂದ ಇದೆ. ಲೈಸೆನ್ಸ್ ಇಲ್ಲದೆ ಟ್ಯಾಲಿ ಪ್ರೈಮ್ ತೆರೆದರೆ ಎಜುಕೇಷನಲ್ ಮೋಡ್‌ನಲ್ಲಿ ಮುಂದುವರಿಯುತ್ತೀರಾ ಅಂತ ಕೇಳುತ್ತದೆ. ಹೂಂ ಅಂದರೆ ಹೆಚ್ಚುಕಡಿಮೆ ಎಲ್ಲವೂ ಕಲಿಯಲು ಸಿಗುತ್ತದೆ, ಲೆಡ್ಜರ್, ಸ್ಟಾಕ್, ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ಎಲ್ಲಾ. ಆದರೆ ವೋಚರ್ (ಒಂದೊಂದು ವ್ಯವಹಾರದ ದಾಖಲೆ) ಹಾಕಲು ತಿಂಗಳ 1, 2 ಮತ್ತು ಕೊನೆಯ ತಾರೀಕು ಮಾತ್ರ. 17ನೇ ತಾರೀಕು ಹಾಕಲು ಹೋದರೆ ಒಪ್ಪುವುದಿಲ್ಲ. ಈ ಯೋಚನೆ ನನಗೆ ತುಂಬಾ ಇಷ್ಟ. ಕಾಲೇಜು ಐಡಿ ಕೇಳಲ್ಲ, ಇಮೇಲ್ ಕೇಳಲ್ಲ, ವರ್ಷಕ್ಕೊಮ್ಮೆ ನವೀಕರಿಸಿ ಅನ್ನಲ್ಲ. ಹಳ್ಳಿಯ ಹುಡುಗಿಯೊಬ್ಬಳು ಮನೆಯಲ್ಲೇ ಕೂತು ಪೂರ್ತಿ ಟ್ಯಾಲಿ ಕಲಿಯಬಹುದು. ಕಲಿಯೋರಿಗೆ ತಾರೀಕು ಯಾವುದಾದರೇನು, ನಿಜವಾದ ಅಂಗಡಿಗೆ ಮಾತ್ರ ನಿಜವಾದ ತಾರೀಕು ಬೇಕು.

ನಿಮ್ಮ ಮಾಲೀಕರ ಲೆಕ್ಕಾಚಾರ ತಪ್ಪುವುದು ಅಲ್ಲೇ. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ಮೇಲೆ ಅದನ್ನು ಕೊಟ್ಟ ದಿನಾಂಕ ಇರಲೇಬೇಕು. 17ನೇ ತಾರೀಕು ಒಬ್ಬ ಕಂಟ್ರಾಕ್ಟರ್ ಬಂದು ಕಬ್ಬಿಣ ಒಯ್ದ, ಅವನ ಕೈಗೆ ಕೊಟ್ಟ ಬಿಲ್ ಪುಸ್ತಕದ ಹಾಳೆಯಲ್ಲಿ 17 ಅಂತಿದೆ, ನೀವು ಟ್ಯಾಲಿಯಲ್ಲಿ 2 ಅಂತ ಹಾಕಿ ಅದನ್ನೇ ರಿಟರ್ನ್‌ಗೆ ಕಳಿಸಿದಿರಿ ಅಂದುಕೊಳ್ಳಿ. ಅವನು ಕೊಂಡ ಮಾಲಿನ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್ ತಾನೇ ಪಟ್ಟಿ ಮಾಡುವ ಜಿಎಸ್‌ಟಿಆರ್ 2ಬಿಯಲ್ಲಿ ಅದೇ ಬಿಲ್ 2ನೇ ತಾರೀಕಿನದಾಗಿ ಕಾಣುತ್ತದೆ. ಅವನ ಆಡಿಟರ್ ಬಿಲ್ಲನ್ನೂ 2ಬಿಯನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ತಾರೀಕು ಹೊಂದಲ್ಲ, ಕೊಟ್ಟ ತೆರಿಗೆಯ ಕ್ರೆಡಿಟ್ ತಗೋಬೇಕೋ ಬೇಡವೋ ಅಂತ ನಿಮ್ಮ ಅಂಗಡಿಗೇ ಫೋನು ಬರುತ್ತದೆ. ತಿಂಗಳ ಒಟ್ಟು ಮೊತ್ತ ಸರಿ ಇದ್ದರೆ ಸಾಲದು. ಬಿಲ್ ನಂಬರ್ ಒಂದರ ಹಿಂದೆ ಒಂದು ಹೋಗುತ್ತಿದ್ದರೂ ಇಪ್ಪತ್ತೊಂಬತ್ತು ದಿನ ವ್ಯಾಪಾರವೇ ಇಲ್ಲ, ಎರಡೇ ದಿನ ಅಂಗಡಿ ತುಂಬಿ ಹರಿಯಿತು ಅನ್ನೋ ಲೆಕ್ಕವನ್ನು ಯಾವ ಅಧಿಕಾರಿ ನಂಬುತ್ತಾರೆ ಹೇಳಿ?

ಮಾಲೀಕರ ಹತ್ತಿರ ಜಗಳ ಬೇಡ. ಇದೊಂದು ಉದಾಹರಣೆ ತೋರಿಸಿ ಸಾಕು. ಒಂದೇ ಕಂಪ್ಯೂಟರ್‌ಗೆ ಸಿಲ್ವರ್ ಲೈಸೆನ್ಸ್ ಇದೆ, ಬಾಡಿಗೆ ಲೆಕ್ಕದಲ್ಲೂ ಸಿಗುತ್ತದೆ. ವಹಿವಾಟು ವರ್ಷಕ್ಕೆ 1.5 ಕೋಟಿಯೊಳಗಿದ್ದರೆ ಜಿಎಸ್‌ಟಿ ಜಾಲವೇ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡಲು ಶುರು ಮಾಡಿತ್ತು, ಜಿಎಸ್‌ಟಿ ಪೋರ್ಟಲ್‌ನ ಡೌನ್‌ಲೋಡ್ ವಿಭಾಗದಲ್ಲಿ ಹುಡುಕಿ. ನೀವು ಮಾತ್ರ ಎಜುಕೇಷನಲ್ ಮೋಡ್‌ನಲ್ಲಿ ಕಲಿಯೋದನ್ನು ಬಿಡಬೇಡಿ. ಮನೆಯಲ್ಲಿ ಒಂದು ಸುಮ್ನೆ ಕಂಪನಿ ತೆರೆದುಕೊಂಡು ಅಭ್ಯಾಸ ಮಾಡಿ.

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಆಟೋಕ್ಯಾಡ್ ಸ್ಟೂಡೆಂಟ್ ಲೈಸೆನ್ಸ್ ಇದೆ. ಊರಲ್ಲಿ ನೆಂಟರ ಮನೆ ಪ್ಲಾನ್ ಹಾಕಿಕೊಡುತ್ತೇನೆ, ಸ್ವಲ್ಪ ದುಡ್ಡು ಕೊಡುತ್ತಾರೆ. ಇಂಟರ್ನ್‌ಶಿಪ್ ಮಾಡುವ ಆಫೀಸಿನಲ್ಲೂ "ನಿನ್ನ ಲ್ಯಾಪ್‌ಟಾಪಲ್ಲೇ ಮಾಡು" ಅಂದಿದ್ದಾರೆ. ತೊಂದರೆ ಇದೆಯಾ? — ತುಮಕೂರು

ಉತ್ತರ: ಎರಡರಲ್ಲೂ ತೊಂದರೆ ಇದೆ, ಎರಡನೆಯದರಲ್ಲಿ ಜಾಸ್ತಿ.

ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಒಂದು ವರ್ಷದ ಲೈಸೆನ್ಸನ್ನು ಪುಕ್ಕಟೆ ಕೊಡುತ್ತದೆ, ಓದುತ್ತಿರುವಷ್ಟು ಕಾಲ ವರ್ಷವರ್ಷ ನವೀಕರಿಸಬಹುದು. ಕಲಿಯಲು, ಕಲಿಸಲು ಮಾತ್ರ ಅನ್ನೋದು ಷರತ್ತು. ವ್ಯಾಪಾರ, ವೃತ್ತಿ, ಲಾಭದ ಕೆಲಸ ಯಾವುದಕ್ಕೂ ಇಲ್ಲ. ನೆಂಟರು ಕೊಟ್ಟ ದುಡ್ಡು ಎಷ್ಟು ಕಡಿಮೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಆ ನಕ್ಷೆ ಹಿಡಿದು ನಿಜವಾಗಿ ಪಾಯ ತೋಡುತ್ತಾರೆ ಅಂದಮೇಲೆ ಅದು ಕ್ಲಾಸಿನ ಕೆಲಸ ಅಲ್ಲ.

ಹಿಂದೆ ಇದನ್ನು ಕಂಪನಿ ಕಣ್ಣಿಗೆ ಕಾಣುವ ಹಾಗೆ ಮಾಡಿತ್ತು. ಸ್ಟೂಡೆಂಟ್ ಆವೃತ್ತಿಯಲ್ಲಿ ಪ್ರಿಂಟ್ ತೆಗೆದರೆ ಹಾಳೆಯ ನಾಲ್ಕೂ ಅಂಚಿನಲ್ಲಿ ಇದು ವಿದ್ಯಾರ್ಥಿ ಆವೃತ್ತಿಯದು ಅನ್ನೋ ಸಾಲು ಅಚ್ಚಾಗಿ ಬರುತ್ತಿತ್ತು. ಅದಕ್ಕಿಂತ ಪೇಚು ಏನೆಂದರೆ, ಸ್ಟೂಡೆಂಟ್ ಫೈಲಿನಿಂದ ಒಂದೇ ಒಂದು ಬ್ಲಾಕ್, ಒಂದು ಬಾಗಿಲಿನ ಚಿತ್ರವೋ ಕಮೋಡಿನದೋ, ನಕಲು ಮಾಡಿ ಆಫೀಸಿನ ಫೈಲಿಗೆ ಅಂಟಿಸಿದರೂ ಆ ಗುರುತು ಅಲ್ಲಿಗೂ ಹತ್ತಿಕೊಳ್ಳುತ್ತಿತ್ತು. ಆ ಫೈಲಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಯಾರೋ ಒಬ್ಬ ಟ್ರೈನಿ ತಂದ ಬ್ಲಾಕಿನಿಂದ ಆಫೀಸಿನ ಅಷ್ಟೂ ನಕ್ಷೆಗಳ ಅಂಚಿನಲ್ಲಿ ಆ ಸಾಲು ಬರತೊಡಗಿದರೆ ಹೇಗಿರುತ್ತೆ ಯೋಚನೆ ಮಾಡಿ. ಆಮೇಲೆ ಅಂಚಿನ ಅಚ್ಚು ನಿಂತಿದೆ. ಫೈಲಿನೊಳಗಿನ ಗುರುತು ಹೋಗಿಲ್ಲ, ಬೇರೆಯವರು ತೆರೆದಾಗ ಸೂಚನೆ ಬರುತ್ತದೆ.

ಅದಕ್ಕೇ ಇಂಟರ್ನ್‌ಶಿಪ್ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೇನೆ. ಆಫೀಸಿನ ಕೆಲಸಕ್ಕೆ ಆಫೀಸಿನ ಲೈಸೆನ್ಸೇ ಬೇಕು. ಕಾಲೇಜು ಹುಡುಗರ ಪುಕ್ಕಟೆ ಲೈಸೆನ್ಸ್ ಮೇಲೆ ತಮ್ಮ ಖರ್ಚು ಉಳಿಸಿಕೊಳ್ಳೋದು ತಪ್ಪು, ಅದರಲ್ಲೂ ಷರತ್ತಿಗೆ ಒಪ್ಪಿ ಖಾತೆ ತೆರೆದವರು ನೀವು, ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರೂ ನೀವೇ. "ಸರ್, ನನ್ನ ಲೈಸೆನ್ಸ್ ಕಾಲೇಜಿಂದು, ಆಫೀಸ್ ಸಿಸ್ಟಮ್‌ನಲ್ಲಿ ಮಾಡ್ತೀನಿ" ಅಂತ ಹೇಳಿ. ಅಷ್ಟು ಹೇಳಲು ಹಿಂಜರಿಯಬೇಡಿ.

ನೆಂಟರ ಮನೆ ಪ್ಲಾನಿಗೆ ಲಿಬ್ರೆಕ್ಯಾಡ್ ಅನ್ನೋ ಮುಕ್ತ ತಂತ್ರಾಂಶ ಸಾಕು. ಎರಡು ಆಯಾಮದ ನಕ್ಷೆ ಚೆನ್ನಾಗಿ ಬರುತ್ತದೆ, ಡಿಎಕ್ಸ್‌ಎಫ್ ರೂಪದ ಫೈಲಾಗಿ ಉಳಿಸಿದರೆ ಆಟೋಕ್ಯಾಡ್ ಇರುವವರೂ ತೆರೆಯಬಹುದು. ಮೂರು ಆಯಾಮ ಬೇಕಿದ್ದರೆ ಫ್ರೀಕ್ಯಾಡ್, ಅದು ವರ್ಷಗಟ್ಟಲೆ ಕೆಲಸದ ನಂತರ 2024ರಲ್ಲಿ 1.0 ಆವೃತ್ತಿ ಮುಟ್ಟಿದೆ. ಶುರುವಿನಲ್ಲಿ ಕೈ ಕೂರುವುದಿಲ್ಲ, ನಿಜ. ಆದರೆ ದುಡಿಯಲು ಯಾರ ಅಪ್ಪಣೆಯೂ ಬೇಡದ ಒಂದು ಸಾಧನ ಕೈಯಲ್ಲಿರಲಿ ಅಂತ ನನ್ನ ಆಸೆ.

ಪ್ರಶ್ನೆ: ಚಿತ್ರಕಲಾ ವಿದ್ಯಾರ್ಥಿನಿ. ಅಡೋಬಿ ಸ್ಟೂಡೆಂಟ್ ಪ್ಲಾನ್ ತಗೊಂಡಿದ್ದೇನೆ. ಮದುವೆ ಕಾರ್ಡ್ ಡಿಸೈನ್ ಮಾಡಿ ಮಾರಬಹುದಾ? — ಮೈಸೂರು

ಉತ್ತರ: ಮಾರಬಹುದು!

ಇದು ಎಲ್ಲರಿಗೂ ಆಶ್ಚರ್ಯ ತರುತ್ತದೆ. ಅಡೋಬಿಯ ವಿದ್ಯಾರ್ಥಿ ಮತ್ತು ಶಿಕ್ಷಕರ ಆವೃತ್ತಿಯಲ್ಲಿ ದುಡಿಮೆಯ ಕೆಲಸಕ್ಕೂ ಅನುಮತಿ ಇದೆ. ತಗೊಳ್ಳುವಾಗ ನೀವು ವಿದ್ಯಾರ್ಥಿ ಆಗಿರಬೇಕು, ಅಷ್ಟೇ. ಎರಡು ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದು, ಎರಡರಲ್ಲೂ ಒಟ್ಟಿಗೆ ಬಳಸುವಂತಿಲ್ಲ. ಮೊದಲ ವರ್ಷದ ನಂತರ ಬೆಲೆ ಏರುತ್ತದೆ, ಆ ದಿನ ಯಾವುದು ಅಂತ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಹಾಗಂತ ಪಕ್ಕದ ಸೀಟಿನ ಗೆಳೆಯನಿಗೆ "ಸ್ಟೂಡೆಂಟ್ ಎಡಿಷನ್‌ನಲ್ಲಿ ದುಡೀಬಹುದಂತೆ" ಅಂತ ಹೇಳಿಬಿಡಬೇಡಿ. ಅವನು ಪ್ರೋಗ್ರಾಂ ಬರೆಯುವ ಸಾಧನ ಮಾಡುವ ಜೆಟ್‌ಬ್ರೈನ್ಸ್‌ನ ವಿದ್ಯಾರ್ಥಿ ಲೈಸೆನ್ಸಲ್ಲಿ ಯಾರಿಗೋ ವೆಬ್‌ಸೈಟ್ ಮಾಡಿಕೊಟ್ಟು ದುಡ್ಡು ತಗೊಂಡರೆ ಅದು ತಪ್ಪಾಗುತ್ತದೆ, ಅಲ್ಲಿ ಕಲಿಕೆಗೆ ಮಾತ್ರ. ಅವನೇ ಅದೇ ಥರದ, ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಬಳಸಿದರೆ ಒಬ್ಬಂಟಿಯಾಗಿ ಏನು ಬೇಕಾದರೂ ಮಾಡಿ ಮಾರಬಹುದು. ಒಂದು ಕಂಪನಿಗೂ ಇನ್ನೊಂದಕ್ಕೂ ತಾಳೆಯೇ ಇಲ್ಲ, ಹಾಗಾಗಿ ಪ್ರತಿ ಸಲವೂ ಪರವಾನಗಿ ಪತ್ರದಲ್ಲಿ 'ಕಮರ್ಷಿಯಲ್' ಅನ್ನೋ ಪದ ಎಲ್ಲಿದೆ ಅಂತ ಹುಡುಕಿ ಆ ಸಾಲನ್ನು ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೂ ಅದೊಂದು ಸಾಲು ಓದಲೇಬೇಕು.

ಪ್ರಶ್ನೆ: ಮನೆಯಲ್ಲಿ ಎಸ್ಸೆಸ್ಸೆಲ್ಸಿ ಟ್ಯೂಷನ್ ಮಾಡುತ್ತೇನೆ. ಟೀಚರ್ ಎಡಿಷನ್ ನನಗೂ ಸಿಗುತ್ತದಾ? — ಶಿರಸಿ

ಉತ್ತರ: ಸಾಮಾನ್ಯವಾಗಿ ಸಿಗುವುದಿಲ್ಲ. ಕಲಿಸುವುದಷ್ಟೇ ಸಾಲದು, ಮಾನ್ಯತೆ ಪಡೆದ ಶಾಲೆ ಕಾಲೇಜಿನವರಾಗಿರಬೇಕು ಅಂತ ಕೇಳುತ್ತಾರೆ. ಟ್ಯೂಷನ್, ಕೋಚಿಂಗ್, ಕಂಪ್ಯೂಟರ್ ತರಬೇತಿ ಕೇಂದ್ರ ಇವೆಲ್ಲ ಬಹುತೇಕ ಹೊರಗೇ. ನಿಮಗೆ ಬೇಸರ ಆಗುವುದು ನ್ಯಾಯವೇ, ಎಷ್ಟೋ ಮಕ್ಕಳು ನಿಮ್ಮಂಥವರಿಂದಲೇ ದಡ ಸೇರುತ್ತಾರೆ.

ಇದೇ ನೆಪದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮಗೆ ಅರ್ಹತೆ ಇದೆ, ಆದರೆ ಶಾಲೆಯ ಇಮೇಲ್ ಇರುವುದಿಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆಟೋಡೆಸ್ಕ್‌ನಂಥ ಕಡೆ ಗುರುತಿನ ಚೀಟಿಯನ್ನೋ ಶಾಲೆಯ ಪತ್ರವನ್ನೋ ಸ್ಕ್ಯಾನ್ ಮಾಡಿ ಹಾಕಬಹುದು. ಹೆಸರು, ಶಾಲೆಯ ಹೆಸರು, ಈ ವರ್ಷದ ದಿನಾಂಕ ಮೂರೂ ಕಾಣಬೇಕು. ಕನ್ನಡದಲ್ಲಿ ಮಾತ್ರ ಇರುವ ಚೀಟಿ ತಿರಸ್ಕಾರವಾದರೆ ಮುಖ್ಯೋಪಾಧ್ಯಾಯರಿಂದ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆಸಿ ಸೀಲ್ ಹಾಕಿಸಿಕೊಳ್ಳಿ. ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಷನ್‌ನ ಫಂಡಮೆಂಟಲ್ಸ್ ಆವೃತ್ತಿ, ಮೈಕ್ರೋಸಾಫ್ಟ್ 365ರ ಎ1 ಪ್ಲಾನ್ ಎರಡೂ ಶಾಲೆಗಳಿಗೆ ಪುಕ್ಕಟೆ ಇವೆ. ಅರ್ಜಿ ಹಾಕಬೇಕಾದದ್ದು ಶಾಲೆ, ನೀವೊಬ್ಬರೇ ಅಲ್ಲ. ಎ1ರಲ್ಲಿ ಬ್ರೌಸರ್‌ನಲ್ಲಿ ನಡೆಯುವ ವರ್ಡ್, ಎಕ್ಸೆಲ್ ಸಿಗುತ್ತವೆ, ಕಂಪ್ಯೂಟರ್‌ಗೆ ಇಳಿಸಿಕೊಳ್ಳುವಂಥದ್ದು ಬೇಕಿದ್ದರೆ ದುಡ್ಡಿನ ಪ್ಲಾನ್.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ 'ಲೈಫ್‌ಟೈಮ್ ಆಫೀಸ್' ತಗೊಂಡೆ. ಕೀ ಬದಲು ಒಂದು ಇಮೇಲ್ ಐಡಿ, ಪಾಸ್‌ವರ್ಡ್ ಕಳಿಸಿದರು. ಐಡಿ ಯಾವುದೋ ವಿದೇಶದ ಕಾಲೇಜಿನದು. ಕೆಲಸ ಮಾಡುತ್ತಿದೆ. ಇಟ್ಟುಕೊಳ್ಳಲಾ? — ಬೆಳಗಾವಿ

ಉತ್ತರ: ಇಟ್ಟುಕೊಳ್ಳಬೇಡಿ. ಇವತ್ತೇ ಅದರಿಂದ ಹೊರಗೆ ಬನ್ನಿ.

ನಿಮಗೆ ಮಾರಿದ್ದು ಸಾಫ್ಟ್‌ವೇರ್ ಅಲ್ಲ, ಯಾವುದೋ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಂದು ಸುಳ್ಳು ಹೆಸರು. ಆ ಖಾತೆಯ ಯಜಮಾನರು ನೀವಲ್ಲ, ಅದನ್ನು ತೆರೆದುಕೊಟ್ಟ ಅಡ್ಮಿನ್. ಅವರು ಪಾಸ್‌ವರ್ಡ್ ಬದಲಾಯಿಸಬಹುದು, ನೀವು ಒನ್‌ಡ್ರೈವ್‌ಗೆ ಹಾಕಿದ ಫೈಲುಗಳನ್ನು ನೋಡಬಹುದು, ಕಾಲೇಜಿನವರಿಗೆ ಗೊತ್ತಾದ ದಿನ ಖಾತೆಯೇ ಇಲ್ಲದಂತಾಗಬಹುದು. ಆ ಐಡಿಯಲ್ಲಿ ಲಾಗಿನ್ ಆದಾಗ "ನಿಮ್ಮ ಸಾಧನವನ್ನು ಸಂಸ್ಥೆ ನಿರ್ವಹಿಸಲು ಬಿಡಿ" ಅನ್ನೋ ಒಂದು ಪ್ರಶ್ನೆ ಬಂದಿರುತ್ತದೆ, ಬಹಳ ಜನ ನೋಡದೆ ಓಕೆ ಒತ್ತಿರುತ್ತಾರೆ. ವಿಂಡೋಸ್‌ನ ಸೆಟ್ಟಿಂಗ್ಸ್, ಅಕೌಂಟ್ಸ್, ಅದರಲ್ಲಿ 'ಆಕ್ಸೆಸ್ ವರ್ಕ್ ಆರ್ ಸ್ಕೂಲ್' ತೆರೆದು ನೋಡಿ. ಆ ಕಾಲೇಜಿನ ಹೆಸರಿದ್ದರೆ ಮೊದಲು ನಿಮ್ಮ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಆಮೇಲೆ ಡಿಸ್‌ಕನೆಕ್ಟ್ ಮಾಡಿ. ಆಧಾರ್, ಪಾಸ್‌ಬುಕ್ ಫೋಟೋ ಅದರೊಳಗೆ ಹೋಗಿದೆಯಾ ಅಂತ ಖಂಡಿತ ನೋಡಿಕೊಳ್ಳಿ.

ಕ್ರ್ಯಾಕ್ ಮಾಡಿದ್ದನ್ನು ಬಳಸಿದರೆ ಏನಾಗುತ್ತದೆ ಅಂತಲೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ಬಿ ಪ್ರಕಾರ, ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೋ ಲಾಭಕ್ಕೋ ಬಳಸಿಲ್ಲ ಅಂತಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದೊಳಗೆ ದಂಡ ಮಾತ್ರ ಹಾಕಬಹುದು. ಮನೆ ಬಳಕೆ ಬೇರೆ, ದುಡಿಮೆ ಬೇರೆ ಅಂತ ಕಾನೂನೂ ನೋಡುತ್ತದೆ. ಆದರೆ ಮನೆ ಬಳಕೆಗೆ ಪೂರ್ತಿ ಮಾಫಿ ಏನೂ ಇಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ನಮ್ಮಲ್ಲಿ ಎಂಜಿನಿಯರಿಂಗ್ ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಕ್ಯಾಂಪಸ್ ಲೈಸೆನ್ಸ್ ಇದೆ. ಒಂದು ಕಂಪನಿ ಕನ್ಸಲ್ಟೆನ್ಸಿ ಕೊಟ್ಟಿದೆ. ಅದರಲ್ಲೇ ಮಾಡಬಹುದಾ? — ಬೆಂಗಳೂರು

ಉತ್ತರ: ಮಾಡಬೇಡಿ ಮೇಡಂ. ಕ್ಯಾಂಪಸ್ ಲೈಸೆನ್ಸ್ ಪಾಠಕ್ಕೆ, ಕಾಲೇಜಿನ ಸಂಶೋಧನೆಗೆ. ಕಂಪನಿಗೆ ಶುಲ್ಕ ಪಡೆದು ಮಾಡಿಕೊಡುವ ಕೆಲಸ ಅದರ ಹೊರಗಿನದು. ಕನ್ಸಲ್ಟೆನ್ಸಿ ಒಪ್ಪಂದ ಬರೆಯುವಾಗಲೇ ಸಾಫ್ಟ್‌ವೇರ್ ಖರ್ಚು ಅಂತ ಒಂದು ಸಾಲು ಸೇರಿಸಿ, ಇಲ್ಲವೇ ಕಂಪನಿಯ ಲೈಸೆನ್ಸನ್ನೇ ಕೇಳಿ.

ಮುಕ್ತ ತಂತ್ರಾಂಶವಾದ ಗ್ನೂ ಆಕ್ಟೇವ್ ಪ್ರಯತ್ನಿಸಿದ್ದೀರಾ? ನೀವು ಮ್ಯಾಟ್‌ಲ್ಯಾಬ್‌ನಲ್ಲಿ ಬರೆದ ಎಂ ಫೈಲುಗಳು ಹೆಚ್ಚಿನವು ಅಲ್ಪಸ್ವಲ್ಪ ತಿದ್ದಿದರೆ ಅದರಲ್ಲೂ ಓಡುತ್ತವೆ. ಮ್ಯಾಟ್‌ಲ್ಯಾಬ್ ಜೊತೆಗಿನ ಸಿಮುಲೇಷನ್ ಸಾಧನ ಸಿಮುಲಿಂಕ್‌ಗೆ ಬದಲಿ ಅಲ್ಲಿಲ್ಲ. ಅದಕ್ಕೆ ಸೈಲ್ಯಾಬ್ ಅನ್ನೋ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಎಕ್ಸ್‌ಕಾಸ್ ಇದೆ. ಮುಕ್ತ ತಂತ್ರಾಂಶ ಹರಡುವ ಐಐಟಿ ಬಾಂಬೆಯ ಫಾಸೀ ಯೋಜನೆಯವರು ಪಠ್ಯಪುಸ್ತಕಗಳ ಲೆಕ್ಕಗಳನ್ನೇ ಸೈಲ್ಯಾಬ್‌ನಲ್ಲಿ ಬಿಡಿಸಿ ಇಟ್ಟಿದ್ದಾರೆ, ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಎಷ್ಟೋ ಪಾಠಗಳು ಕನ್ನಡದ ಧ್ವನಿಯಲ್ಲೂ ಇವೆ. ಹಳ್ಳಿಯಿಂದ ಬಂದ ಮಕ್ಕಳಿಗೆ ಮೊದಲ ಸೆಮಿಸ್ಟರ್‌ನಲ್ಲೇ ಇದನ್ನು ತೋರಿಸಿ. ಕಾಲೇಜಿನ ಲೈಸೆನ್ಸ್ ಕಾಲೇಜಿನ ಜೊತೆಗೇ ಮುಗಿಯುತ್ತದೆ, ಆಮೇಲೆ ಸ್ವಂತ ದುಡ್ಡಲ್ಲಿ ಮ್ಯಾಟ್‌ಲ್ಯಾಬ್ ಕೊಳ್ಳುವ ಶಕ್ತಿ ಎಷ್ಟು ಮಕ್ಕಳಿಗಿರುತ್ತದೆ?

ಪ್ರಶ್ನೆ: ಮುಂದಿನ ತಿಂಗಳು ಕೋರ್ಸ್ ಮುಗಿಯುತ್ತದೆ. ಸ್ಟೂಡೆಂಟ್ ಲೈಸೆನ್ಸಲ್ಲಿ ಮಾಡಿದ ಪ್ರಾಜೆಕ್ಟ್‌ಗಳೆಲ್ಲ ಏನಾಗುತ್ತವೆ? ಅವು ಕಂಪನಿಯದಾ? — ಮಂಗಳೂರು

ಉತ್ತರ: ನೀವು ಬರೆದದ್ದು, ಚಿತ್ರಿಸಿದ್ದು ಕಂಪನಿಯದಾಗುವುದಿಲ್ಲ, ನಿಮ್ಮದೇ. ಕಷ್ಟ ಬೇರೆ ಕಡೆ ಇದೆ. ಲೈಸೆನ್ಸ್ ಮುಗಿದ ಮೇಲೆ ನಿಮ್ಮದೇ ಫೈಲನ್ನು ತೆರೆಯಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಸಂದರ್ಶನಕ್ಕೆ ತೋರಿಸೋಣ ಅಂದರೆ ಐಕಾನ್ ಇದೆ, ಕ್ಲಿಕ್ ಮಾಡಿದರೆ ಖರೀದಿ ಪುಟ ಬರುತ್ತದೆ.

ಹಾಗಾಗಿ ಈ ತಿಂಗಳಲ್ಲೇ ಒಂದು ಭಾನುವಾರ ಕೂತು ಎಲ್ಲವನ್ನೂ ಎರಡು ರೂಪದಲ್ಲಿ ಉಳಿಸಿ. ಮೂಲ ಫೈಲ್ ಒಂದು, ಯಾರು ಬೇಕಾದರೂ ತೆರೆಯಬಹುದಾದ್ದು ಇನ್ನೊಂದು. ನಕ್ಷೆಯಾದರೆ ಡಿಎಕ್ಸ್‌ಎಫ್ ಮತ್ತು ಪಿಡಿಎಫ್, ಯಂತ್ರದ ಭಾಗವಾದರೆ ಸ್ಟೆಪ್, ಕಟ್ಟಡದ ಮಾಡೆಲ್ ಆದರೆ ಐಎಫ್‌ಸಿ, ಅಂಕಿಅಂಶವಾದರೆ ಸಿಎಸ್‌ವಿ. ಸ್ಟೆಪ್ ಮಾಡಿದಾಗ ಆಕಾರ ಉಳಿಯುತ್ತದೆ, ಅದನ್ನು ಹಂತಹಂತವಾಗಿ ಕಟ್ಟಿದ ಇತಿಹಾಸ ಉಳಿಯುವುದಿಲ್ಲ, ಅದಕ್ಕೇ ಮೂಲ ಫೈಲನ್ನು ಅಳಿಸಬೇಡಿ ಅಂದಿದ್ದು. ಕಾಲೇಜಿನ ಇಮೇಲ್ ಬಂದ್ ಆಗುವ ಮೊದಲು ಅದಕ್ಕೆ ಕಟ್ಟಿಕೊಂಡಿರುವ ಪ್ರತಿ ಖಾತೆಗೂ (ಗಿಟ್‌ಹಬ್‌ಗೂ) ಸ್ವಂತ ಇಮೇಲ್ ಸೇರಿಸಿ. ಡ್ರೈವ್‌ನಲ್ಲಿರುವುದನ್ನು ಇಳಿಸಿಕೊಳ್ಳಿ.

ಆ ಪ್ರಾಜೆಕ್ಟನ್ನು ಸಂದರ್ಶನದಲ್ಲಿ ತೋರಿಸಲು ಅಡ್ಡಿಯಿಲ್ಲ. ಅದನ್ನೇ ಗಿರಾಕಿಗೆ ಮಾರಬೇಕು ಅಂದರೆ ಮಾತ್ರ ಮಾಮೂಲಿ ಲೈಸೆನ್ಸಲ್ಲೋ ಮುಕ್ತ ತಂತ್ರಾಂಶದಲ್ಲೋ ಹೊಸದಾಗಿ ಮಾಡಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಲ್ಯಾಪ್‌ಟಾಪ್‌ನಲ್ಲಿರುವ ಸ್ಟೂಡೆಂಟ್ ಆವೃತ್ತಿಗಳನ್ನೆಲ್ಲ ತೆಗೆದುಹಾಕಿ, ಆಫೀಸಿನ ಫೈಲುಗಳ ಜೊತೆ ಅವು ಬೆರೆಯುವುದು ಬೇಡ.